‘ಇವರಿಗೆ’ ಅನ್ನುವ ಸಾಲಿನಲ್ಲೇ ನಾವು ಎಡವಿದ್ದು

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರಾಗಬೇಡಿ. ಸರ್ಕಾರದ ಕಣ್ಗಾವಲು ಕಾನೂನು ಬದಲಾಗಬೇಕು, ಅದಕ್ಕೆ ಒಂದು ಲಕ್ಷ ಸಹಿ ಸೇರಿಸಬೇಕು, ಬೀದಿಗಿಳಿಯೋದೋ, ಆನ್‌ಲೈನ್ ಅರ್ಜಿಯೋ, ಕೋರ್ಟೋ ಅಂತ ಕೇಳಿದ್ದೀರಿ. 2019ರಲ್ಲಿ ನಾನೂ ಇದನ್ನೇ ಕೇಳುತ್ತಾ ಓಡಾಡಿದ್ದೆ. ನಮ್ಮ ಗುರಿ ಹತ್ತು ಸಾವಿರ ಸಹಿ, ಅಷ್ಟೇ ವ್ಯತ್ಯಾಸ.

ನನ್ನದು ಕೋರ್ಟ್ ಎದುರು ಜೆರಾಕ್ಸ್, ಡಿಟಿಪಿ ಅಂಗಡಿ. ಊರು ಒಂದು ಜಿಲ್ಲಾ ಕೇಂದ್ರ. ಹೆಸರು ಬೇಡ. ಈ ಕತೆಯಲ್ಲಿ ಒಂದು ಹುಡುಗಿ ಇದ್ದಾಳೆ, ಅವಳ ಮನೆಯವರು ಈಗಲೂ ಅಲ್ಲೇ ಇದ್ದಾರೆ.

ಅವಳು ಆಗ ಡಿಗ್ರಿ ಎರಡನೇ ವರ್ಷ. ಮಾರ್ಕೆಟ್ ಕಾಂಪ್ಲೆಕ್ಸಿನ ಮೆಟ್ಟಿಲ ಮೇಲೆ ಕ್ಲಾಸಿನ ಹುಡುಗನೊಬ್ಬನ ಜೊತೆ ಕೂತು ಮಾತಾಡುತ್ತಿದ್ದಳು. ಇಬ್ಬರೂ ಒಂದೇ ಜೋಳದ ತೆನೆ ಮುರಿದು ತಿನ್ನುತ್ತಿದ್ದರು. ಅಷ್ಟೇ. ಮೇಲಿದ್ದ ಸಿಸಿಟಿವಿಯ ನಲವತ್ತು ಸೆಕೆಂಡಿನ ಆ ತುಣುಕು ಮೂರೇ ದಿನದಲ್ಲಿ ಊರಿನ ವಾಟ್ಸಾಪ್ ಗುಂಪುಗಳಲ್ಲೆಲ್ಲ ಹರಿದಾಡಿತು. ಟಿಸಿಗೆ ಅರ್ಜಿ ಟೈಪ್ ಮಾಡಿಸಲು ಅವಳ ಅಪ್ಪ ನನ್ನ ಅಂಗಡಿಗೇ ಬಂದರು. ಕಾರಣ ಏನಂತ ಹಾಕಲಿ ಅಂದೆ. ‘ವೈಯಕ್ತಿಕ ಕಾರಣ ಅಂತ ಹಾಕಿ ಸಾರ್’ ಅಂದರು. ಹಾಕಿದೆ. ಇಪ್ಪತ್ತು ರೂಪಾಯಿ ಕೊಟ್ಟು, ಚಿಲ್ಲರೆ ಕೂಡ ಕೇಳದೆ ಹೋದರು.

ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಏನಾದರೂ ಮಾಡಲೇಬೇಕು ಅನ್ನಿಸಿತು. ಅಲ್ಲಿವರೆಗೆ ಎಲ್ಲ ಸರಿಯೇ ಇತ್ತು.

ಅದೇ ಆಗಸ್ಟ್‌ನಲ್ಲಿ ರಾಜ್ಯದಲ್ಲಿ ಫೋನ್ ಕದ್ದಾಲಿಕೆ ಗಲಾಟೆ ಎದ್ದಿತು. ಹಿಂದಿನ ಸರ್ಕಾರ ಇದ್ದಾಗ ಹಲವರ ಫೋನ್ ಕದ್ದು ಕೇಳಿದ್ದಾರೆ ಅನ್ನುವ ಆರೋಪ. ಹೊಸ ಸರ್ಕಾರ ತನಿಖೆಯನ್ನು ಸಿಬಿಐಗೆ ಕೊಟ್ಟಿತು. ಟಿವಿ ಹಾಕಿದರೆ ಅದೇ ಸುದ್ದಿ. ನಮ್ಮ ಜೊತೆಗಿದ್ದ ನಿವೃತ್ತ ಮೇಷ್ಟ್ರು ಹಳೆಯದನ್ನೆಲ್ಲ ತೆಗೆದರು. 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಕುರ್ಚಿ ಬಿಟ್ಟದ್ದೂ ಇದೇ ಆರೋಪಕ್ಕೆ. ಇಷ್ಟು ವರ್ಷ ಆದರೂ ಕಾನೂನು ಹಾಗೇ ಇದೆಯಲ್ಲ, 1885ರ ಬ್ರಿಟಿಷರ ಟೆಲಿಗ್ರಾಫ್ ಕಾಯ್ದೆಯಲ್ಲೇ ನಮ್ಮ ಮೊಬೈಲ್ ಕೇಳುತ್ತಿದ್ದಾರಲ್ಲ ಅಂದರು. ಕೇಳಿ ನಮಗೆಲ್ಲ ರಕ್ತ ಕುದಿಯಿತು. ಮೆಟ್ಟಿಲು, ಕ್ಯಾಮೆರಾ ಎಲ್ಲ ಸಣ್ಣ ವಿಷಯ ಅನ್ನಿಸಿಬಿಟ್ಟಿತು. ಬೇರನ್ನೇ ಹಿಡಿಯೋಣ ಅಂದುಕೊಂಡೆವು.

ಸೆಪ್ಟೆಂಬರ್‌ನಲ್ಲಿ ಏಳು ಜನ ಸೇರಿ ಶುರು ಮಾಡಿದೆವು. ಮೇಷ್ಟ್ರು, ಒಬ್ಬ ಜೂನಿಯರ್ ವಕೀಲ, ಎಲ್‌ಐಸಿ ಏಜೆಂಟ್ ಒಬ್ಬರು, ಕಾಲೇಜು ಹುಡುಗರು ಮೂವರು, ನಾನು. ಸಂತೆಯಲ್ಲಿ ಮೇಜು ಹಾಕಿದೆವು. ಫ್ಲೆಕ್ಸ್ ಕಟ್ಟಿದೆವು. ಮೊದಲ ದಿನವೇ ಹೂವಿನ ಅಂಗಡಿ ಅಕ್ಕನ ಹತ್ತಿರ ಸಹಿ ಕೇಳಿದೆ. ಅವರು ಕೈಯಲ್ಲಿದ್ದ ಮಾಲೆ ಕಟ್ಟುವುದನ್ನು ನಿಲ್ಲಿಸದೇ ಹೇಳಿದರು, ‘ನನ್ನ ಫೋನ್ ಕೇಳಿ ಅವರೇನ್ ಮಾಡ್ತಾರಣ್ಣ? ಬಡ್ಡಿಯವನು ಬೈಯೋದು ಕೇಳಬೇಕು, ಅಷ್ಟೆ. ಅಲ್ಲಿ ಕಂಬದ ಮೇಲಿದೆಯಲ್ಲ, ಅದನ್ನ ಯಾರು ನೋಡ್ತಾರೆ ಕೇಳಿ ಮೊದಲು.’

ನಾನು ನಕ್ಕು, ಸಹಿ ಹಾಕಿಸಿಕೊಂಡು ಮುಂದೆ ಹೋದೆ. ಎಂಥಾ ದಡ್ಡ ನಾನು ಅಂತ ಈಗ ಅನ್ನಿಸುತ್ತದೆ.

ಐದು ತಿಂಗಳಲ್ಲಿ 3,800 ಸಹಿ ಆಯಿತು. ಖರ್ಚು 38 ಸಾವಿರ ದಾಟಿತ್ತು, ಅದರಲ್ಲಿ ಮುಕ್ಕಾಲು ನನ್ನದೇ. 2020ರ ಫೆಬ್ರುವರಿಯಲ್ಲಿ ಶಾಸಕರ ಕಚೇರಿಗೆ ಹೋದೆವು. ಕೆಂಪು ದಾರದಲ್ಲಿ ಕಟ್ಟಿದ ಸಹಿ ಹಾಳೆಗಳ ಕಟ್ಟು ಮೇಷ್ಟ್ರ ಕೈಯಲ್ಲಿತ್ತು. ಶಾಸಕರು ಟೀ ತರಿಸಿದರು, ಫೋಟೊ ತೆಗೆಸಿಕೊಂಡರು, ಒಳ್ಳೇ ಕೆಲಸ ಅಂದರು. ಅಷ್ಟರಲ್ಲಿ ಅವರ ಪಿಎ ಮೊದಲ ಹಾಳೆ ಓದಿ ಮೆಲ್ಲಗೆ ಹೇಳಿದರು: ‘ಸಾರ್, ಇದನ್ನ ಎಂಪಿಯವರಿಗೆ ಕೊಡಬೇಕಿತ್ತಲ್ವಾ? ಟೆಲಿಫೋನ್ ಸೆಂಟ್ರಲ್ ಸಬ್ಜೆಕ್ಟು. ವಿಧಾನಸಭೆಯಲ್ಲಿ ಇದಕ್ಕೆ ತಿದ್ದುಪಡಿ ತರೋಕೆ ಬರಲ್ಲ.’

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಈ ಒಂದು ತಪ್ಪನ್ನು ಪೂರ್ತಿ ಬಿಡಿಸಿ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ.

ನಾನು ಹದಿನೆಂಟು ವರ್ಷದಿಂದ ಜನರ ಮನವಿ ಟೈಪ್ ಮಾಡುತ್ತಾ ಬಂದವನು. ಮನವಿಯಲ್ಲಿ ಜೀವ ಇರುವುದೇ ‘ಇವರಿಗೆ’ ಅನ್ನುವ ಸಾಲಿನಲ್ಲಿ. ತಹಸೀಲ್ದಾರರಿಗೆ ಬರೆಯಬೇಕಾದ್ದನ್ನು ಎಸಿಗೆ (ಉಪವಿಭಾಗಾಧಿಕಾರಿಗೆ) ಬರೆದರೆ ಆರು ತಿಂಗಳು ಅಲೆದಾಟ. ಇದನ್ನು ದಿನಕ್ಕೆ ನಾಲ್ಕು ಜನರಿಗೆ ನಾನೇ ಬುದ್ಧಿ ಹೇಳುತ್ತೇನೆ. ಅಂಥವನು ‘ಇವರಿಗೆ: ಮಾನ್ಯ ಶಾಸಕರು’ ಅಂತ ಹೊಡೆದು, ಕೆಳಗೆ ‘ವಿಷಯ: ಟೆಲಿಗ್ರಾಫ್ ಕಾಯ್ದೆಯ ತಿದ್ದುಪಡಿ ಕುರಿತು’ ಅಂತ ಹೊಡೆದಿದ್ದೆ. ಏಳು ಜನರಲ್ಲಿ ಒಬ್ಬರಿಗೂ ಅದು ಕಣ್ಣಿಗೆ ಬೀಳಲಿಲ್ಲ.

ಸಂವಿಧಾನದ 7ನೇ ಅನುಸೂಚಿಯಲ್ಲಿ ಯಾವ ವಿಷಯಕ್ಕೆ ಯಾರು ಕಾನೂನು ಮಾಡಬೇಕು ಅಂತ ಪಟ್ಟಿ ಇದೆ. ಅಂಚೆ, ತಂತಿ, ಟೆಲಿಫೋನ್ ಎಲ್ಲ ಕೇಂದ್ರದ ಪಟ್ಟಿಯಲ್ಲಿ 31ನೆಯದು. ಪೊಲೀಸ್ ರಾಜ್ಯದ ಪಟ್ಟಿಯಲ್ಲಿ 2ನೆಯದು. ಹಾಗಾದರೆ ನಾವು ಗೊಂದಲ ಮಾಡಿಕೊಂಡದ್ದು ಯಾಕೆ? ರಾಜ್ಯದ ಪೊಲೀಸರಿಗೆ ಯಾರದೋ ಫೋನ್ ಕೇಳಬೇಕಿದ್ದರೆ ಆದೇಶಕ್ಕೆ ಸಹಿ ಹಾಕುವವರು ರಾಜ್ಯದ ಗೃಹ ಕಾರ್ಯದರ್ಶಿ. ಆದೇಶ 60 ದಿನಕ್ಕೆ, ಮುಂದುವರಿಸುತ್ತಾ ಹೋದರೂ 180 ದಿನ ದಾಟುವ ಹಾಗಿಲ್ಲ. ಅದನ್ನು ಪರಿಶೀಲಿಸುವ ಸಮಿತಿಗೆ ರಾಜ್ಯದ ಮುಖ್ಯ ಕಾರ್ಯದರ್ಶಿಯೇ ಅಧ್ಯಕ್ಷರು. ಜಡ್ಜ್ ಒಬ್ಬರೂ ಇಲ್ಲ. ಕಾನೂನು ದಿಲ್ಲಿಯಲ್ಲಿ, ಪೆನ್ನು ಬೆಂಗಳೂರಿನಲ್ಲಿ. ಪೆನ್ನು ಕಂಡು ಕಾನೂನೂ ಇಲ್ಲೇ ಇದೆ ಅಂದುಕೊಂಡೆವು. ವರ್ಷಕ್ಕೆ ಎಷ್ಟು ಆದೇಶ ಕೊಟ್ಟಿರಿ, ಸಮಿತಿ ಎಷ್ಟು ಸಲ ಸೇರಿತು, ಆ ಲೆಕ್ಕವನ್ನಷ್ಟೇ ಹೊರಗೆ ಹಾಕಿ ಅಂತ ರಾಜ್ಯವನ್ನು ಕೇಳಿದ್ದರೆ ಅದೇ ಶಾಸಕರು ಸದನದಲ್ಲಿ ಪ್ರಶ್ನೆ ಎತ್ತಲು ದಾರಿ ಇತ್ತು. ನಾವು ಅವರ ಕೈಯಲ್ಲಿಲ್ಲದ್ದನ್ನು ಕೇಳಿ, ಕೈಯಲ್ಲಿದ್ದದ್ದನ್ನು ಬಿಟ್ಟೆವು. ಟೀ ಕುಡಿಸಿ ಕಳಿಸದೆ ಅವರಾದರೂ ಏನು ಮಾಡುತ್ತಾರೆ?

ಎಂಪಿಗೆ ಕೊಟ್ಟಿದ್ದರೆ ಆಗುತ್ತಿತ್ತೇ? ಸಂಸದರು ಖಾಸಗಿ ಮಸೂದೆ, ಅಂದರೆ ಸರ್ಕಾರದ್ದಲ್ಲದ ತಮ್ಮದೇ ಮಸೂದೆ ತರಬಹುದು. ಆದರೆ 1970ರ ನಂತರ ಅಂಥ ಒಂದೂ ಮಸೂದೆ ಕಾನೂನಾಗಿಲ್ಲ. ಸಹಿ ಲಕ್ಷ ಆದರೂ ಅಷ್ಟೇ. ಈಗಂತೂ 1885ರ ಕಾಯ್ದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಕದ್ದಾಲಿಕೆಯ ಹೊಸ ನಿಯಮಗಳು 2024ರ ಡಿಸೆಂಬರ್‌ನಲ್ಲಿ ಬಂದವು. ಅದರಲ್ಲೂ ಸಮಿತಿ ಅಧಿಕಾರಿಗಳದ್ದೇ.

ಆದರೆ ನಿಜವಾದ ನಷ್ಟ 38 ಸಾವಿರ ಅಲ್ಲ.

ಕಾಂಪ್ಲೆಕ್ಸಿನಲ್ಲಿ ಹದಿನಾರು ಕ್ಯಾಮೆರಾ. ಅವುಗಳ ಚಿತ್ರ ದಾಖಲಿಸಿಕೊಳ್ಳುವ ಡಿವಿಆರ್ ಯಂತ್ರ ಇದ್ದದ್ದು ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ. ನಾನು ಮೊದಲ ಸಲ ಒಳಗೆ ಹೋದದ್ದು ಎಲ್ಲ ಮುಗಿದ ಮೇಲೆ. ಒಂದು ಮುರುಕು ಪ್ಲಾಸ್ಟಿಕ್ ಕುರ್ಚಿ, ಧೂಳು ಹಿಡಿದ ಮಾನಿಟರ್. ಅದರ ಮೂಲೆಗೆ ಅಂಟಿಸಿದ ಚೀಟಿಯಲ್ಲಿ ಪಾಸ್‌ವರ್ಡ್. ಮಳೆ ಬಂದರೆ ಆಟೊದವರೂ ಅಲ್ಲೇ ಕೂತು ಪರದೆ ನೋಡುತ್ತಿದ್ದರಂತೆ. ಹದಿನಾರರಲ್ಲಿ ಹನ್ನೊಂದನೇ ಕ್ಯಾಮೆರಾ ಸರಿಯಾಗಿ ಆ ಕೋಣೆಯ ಬಾಗಿಲನ್ನೇ ನೋಡುತ್ತಿತ್ತು. ಅಂದರೆ ಆ ದಿನ ಪೆನ್‌ಡ್ರೈವ್ ಹಿಡಿದು ಒಳಗೆ ಹೋದವರು ಯಾರು ಅನ್ನುವುದು ಅದೇ ಡಿವಿಆರ್‌ನಲ್ಲಿತ್ತು. ಡಿಸ್ಕ್ ತುಂಬಿದ ಹಾಗೆ ಅದು ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತದೆ. ನಮ್ಮ ಯಂತ್ರದಲ್ಲಿ ಮೂವತ್ತು ದಿನ. ನಾವು ಸಂತೆಯಲ್ಲಿ ಮೈಕ್ ಹಿಡಿದು ದಿಲ್ಲಿಯನ್ನು ಬೈಯುತ್ತಿದ್ದಾಗ ನೂರು ಹೆಜ್ಜೆ ದೂರದಲ್ಲಿ ಆ ದಾಖಲೆ ಅಳಿಸಿಹೋಗಿತ್ತು. ಒಂದು ಅರ್ಜಿ ಸಾಕಿತ್ತು, ಈ ತಾರೀಖಿನ ದಾಖಲೆ ಉಳಿಸಿಡಿ ಅಂತ. ನನ್ನದೇ ಅಂಗಡಿ, ನನ್ನದೇ ಕಂಪ್ಯೂಟರ್. ಹತ್ತು ನಿಮಿಷದ ಕೆಲಸ.

ಲಾಕ್‌ಡೌನ್‌ನಲ್ಲಿ ಆ ಹುಡುಗಿಯ ಮದುವೆಯಾಯಿತು. ಮನೆ ಮುಂದೆ ಚಪ್ಪರ, ನಲವತ್ತು ಜನ. ನನಗೂ ಕರೆದಿದ್ದರು, ಹೋಗಲಿಲ್ಲ.

2021ರಲ್ಲಿ ಮತ್ತೆ ಶುರು ಮಾಡಿದಾಗ ಉಳಿದದ್ದು ಮೂರೇ ಜನ. ಮೇಷ್ಟ್ರು, ವಕೀಲ, ನಾನು. ಸಹಿಗೆ ಹೋದರೆ ‘ಮತ್ತೆ ಬಂದ್ರಾ?’ ಅನ್ನುತ್ತಿದ್ದರು. ಹಾಗಾಗಿ ಸಹಿಯನ್ನೇ ಬಿಟ್ಟೆವು. ಕಾಂಪ್ಲೆಕ್ಸ್ ನಗರಸಭೆಯದ್ದು. ಅಲ್ಲಿಗೆ ಒಂದು ಮಾಹಿತಿ ಹಕ್ಕು ಅರ್ಜಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ಮೀರಬಾರದು. ಇದು ತೊಂದರೆ ಅಂತ ಎಲ್ಲರೂ ಬೈಯುತ್ತಾರೆ. ನನಗೆ ಅದರಿಂದಲೇ ಒಳ್ಳೆಯದಾಯಿತು ಅನ್ನಿಸುತ್ತದೆ, ಮೇಷ್ಟ್ರ ಎರಡು ಪುಟದ ಪೀಠಿಕೆ ಹೋಯಿತಲ್ಲ. ನಾಲ್ಕು ಪ್ರಶ್ನೆ ಉಳಿಯಿತು. ಎಷ್ಟು ಕ್ಯಾಮೆರಾ? ಯಾವ ಆದೇಶದ ಮೇಲೆ ಹಾಕಿದ್ದು? ದಾಖಲೆ ಎಷ್ಟು ದಿನ ಇರುತ್ತದೆ? ಅದನ್ನು ನೋಡಿದವರ ಹೆಸರು ಬರೆಯುವ ಪುಸ್ತಕ ಇದೆಯೇ?

ಮೂವತ್ತು ದಿನದಲ್ಲಿ ಬರಬೇಕಾದ ಉತ್ತರ ನಲವತ್ತೊಂದನೇ ದಿನ ಬಂತು. ನಾಲ್ಕನೇ ಪ್ರಶ್ನೆಯ ಎದುರು ಒಂದೇ ಪದ: ‘ಅನ್ವಯಿಸುವುದಿಲ್ಲ’.

ಆ ಹಾಳೆಯನ್ನು ಎ3 ಸೈಜಿಗೆ ದೊಡ್ಡದು ಮಾಡಿ ಅಂಗಡಿಯ ಗಾಜಿಗೆ ಅಂಟಿಸಿದೆ. ಕೋರ್ಟಿಗೆ ಬರುವವರೆಲ್ಲ ಓದಿ ಹೋದರು. ನಗರಸಭೆ ಸದಸ್ಯರಿಗೆಲ್ಲ ಒಂದೊಂದು ಪ್ರತಿ ಕೊಟ್ಟೆವು. ಹೆಚ್ಚಿನವರು ಮಡಚಿ ಜೇಬಿಗಿಟ್ಟರು. ಒಬ್ಬ ಮಹಿಳಾ ಸದಸ್ಯರು ಮಾತ್ರ ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಕೇಳಿದರು, ‘ನಮ್ಮನೆ ಹೆಣ್ಣುಮಕ್ಕಳನ್ನ ಯಾರು ಕೂತು ನೋಡ್ತಿದ್ದಾರೆ ಅನ್ನೋದು ನಿಮಗೆ ಅನ್ವಯಿಸಲ್ವಾ?’ ಅದೇ ಸಭೆಯಲ್ಲಿ ನಿರ್ಣಯ ಆಯಿತು. ಕೋಣೆಗೆ ಬೀಗ, ಹೊಸ ಪಾಸ್‌ವರ್ಡ್, ಯಾರು ಯಾಕೆ ನೋಡಿದರು ಅಂತ ಬರೆಯುವ ಪುಸ್ತಕ, ಕಂಬದ ಬುಡದಲ್ಲಿ ಒಂದು ಬೋರ್ಡು. ನಮ್ಮ ಖರ್ಚು ಮುನ್ನೂರು ರೂಪಾಯಿಯೂ ಆಗಿರಲಿಲ್ಲ.

ಹಾಗಂತ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಮೊದಲ ವರ್ಷ ಪುಸ್ತಕದಲ್ಲಿ 23 ನಮೂದು ಇತ್ತು, ನಾಲ್ಕರಲ್ಲಿ ಕಾರಣದ ಜಾಗ ಖಾಲಿ. ಹಿಂದಿನ ಪುಟದಲ್ಲಿ ಯಾರೋ ಟ್ಯೂಬ್‌ಲೈಟ್ ಲೆಕ್ಕ ಬರೆದಿದ್ದರು. ಆ ನಾಲ್ಕರ ಬಗ್ಗೆ ಇನ್ನೊಂದು ಅರ್ಜಿ ಹಾಕಿದೆವು. ಈಗಲೂ ವರ್ಷಕ್ಕೆರಡು ಸಲ ಹಾಕುತ್ತೇವೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ‘ಕಣ್ಗಾವಲು ಕಾನೂನು’ ಅಂತ ಒಂದು ಕಾನೂನೇ ಇಲ್ಲ. ಫೋನಿಗೆ ಒಂದು, ಕಂಪ್ಯೂಟರಿಗೆ ಐಟಿ ಕಾಯ್ದೆಯ 69ನೇ ಕಲಮು, ಕ್ಯಾಮೆರಾಕ್ಕೆ ಇನ್ನೊಂದು. ಒಂದೊಂದಕ್ಕೂ ಬಾಗಿಲು ಬೇರೆ. ಕಾನೂನನ್ನೇ ಬದಲಿಸಬೇಕು ಅಂತ ಹಟ ಇದ್ದರೆ ವಿಧಾನಸೌಧದಲ್ಲೇ ಬದಲಾಗುವಂಥದ್ದನ್ನು ಹಿಡಿಯಿರಿ. 2017ರ ಸಾರ್ವಜನಿಕ ಸುರಕ್ಷತೆ ಕಾಯ್ದೆ ನಮ್ಮ ರಾಜ್ಯದ್ದೇ. ಒಂದೇ ಹೊತ್ತಿಗೆ ನೂರು ಜನ, ಅಥವಾ ದಿನಕ್ಕೆ ಐನೂರು ಜನ ಸೇರುವ ಜಾಗಕ್ಕೆ ಸಿಸಿಟಿವಿ ಹಾಕಲೇಬೇಕು, ದಾಖಲೆ 30 ದಿನ ಇಡಬೇಕು ಅನ್ನುತ್ತದೆ. ಛತ್ರ, ಮಾಲ್, ಆಸ್ಪತ್ರೆ ಎಲ್ಲ ಅದರಲ್ಲಿ ಬರುತ್ತವೆ. ನೋಡಿದವರ ಹೆಸರು ಬರೆದಿಡಿ ಅನ್ನುವ ಒಂದು ಸಾಲನ್ನು ಅದಕ್ಕೆ ಸೇರಿಸಿ ಅಂತ ಕೇಳಿ. ಆಗ ನಿಮ್ಮ ಶಾಸಕರು ನುಣುಚಿಕೊಳ್ಳಲು ಆಗುವುದಿಲ್ಲ.

ಕೋರ್ಟಿನ ಬಗ್ಗೆ ಕೇಳಿದ್ದೀರಿ. ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದವರು. ಎಂಬತ್ತು ದಾಟಿದ ಮೇಲೆ, 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಂದೇ ದನಿಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂದರು. ಐದು ವರ್ಷ ಹಿಡಿಯಿತು. ನೀವು ಹೊಸದಾಗಿ ಕೋರ್ಟಿಗೆ ಹೋಗುವ ಮೊದಲು ಆ ತೀರ್ಪನ್ನೇ ಬಳಸಿ. ಸರ್ಕಾರ ಖಾಸಗಿತನಕ್ಕೆ ಕೈ ಹಾಕಬೇಕಾದರೆ ಕಾನೂನು ಇರಬೇಕು, ಸರಿಯಾದ ಕಾರಣ ಇರಬೇಕು, ಆ ಕಾರಣಕ್ಕೆ ಬೇಕಾದಷ್ಟೇ ಇರಬೇಕು. ನಮ್ಮ ಮೇಲ್ಮನವಿಗಳಲ್ಲೆಲ್ಲ ಇದನ್ನು ಒಂದೇ ಸಾಲಿನಲ್ಲಿ ಹಾಕುತ್ತೇನೆ.

ಇನ್ನೊಂದು. ಗುಪ್ತಚರ ವಿಭಾಗಗಳಿಗೆ ಆರ್‌ಟಿಐ ಹಾಕಿ ಕೈ ಸುಟ್ಟುಕೊಳ್ಳಬೇಡಿ, 24ನೇ ಕಲಮಿನಲ್ಲಿ ಅವುಗಳಿಗೆ ವಿನಾಯಿತಿ ಕೊಡಲು ಅವಕಾಶ ಇದೆ. ಹೆಸರು, ವಿವರ ಕೇಳಲೂ ಬೇಡಿ. 2023ರ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಬಂದು, ವೈಯಕ್ತಿಕ ಮಾಹಿತಿಯನ್ನು ಕೊಡದಿರಲು ಬಿಡುವ ಆರ್‌ಟಿಐನ 8(1)(ಜೆ) ಕಲಮು ಬಿಗಿಯಾಗಿದೆ. ‘ವೈಯಕ್ತಿಕ ಮಾಹಿತಿ’ ಅಂತ ಎರಡು ಪದ ಬರೆದು ವಾಪಸ್ ಕಳಿಸುತ್ತಾರೆ. ಸಂಖ್ಯೆ ಕೇಳಿ, ಆದೇಶದ ಪ್ರತಿ ಕೇಳಿ.

ನೀವು ಯಾವ ಊರಿನವರು ಅಂತ ಬರೆದಿಲ್ಲ. ಅದೇ ಮೊದಲು ಬೇಕು. ನಿಮ್ಮ ಸರ್ಕಲ್ಲಿನ ಕ್ಯಾಮೆರಾ ನಗರಸಭೆಯದ್ದೋ, ಪೊಲೀಸರದ್ದೋ, ಅಂಗಡಿಯವರದ್ದೋ ನೋಡಿ ಬನ್ನಿ. ಕಂಬದ ಮೇಲೆ ಬೋರ್ಡೋ ನಂಬರೋ ಇದ್ದರೆ ಬರೆದುಕೊಳ್ಳಿ. ಸಂಜೆ ಆರರ ಮೇಲೆ ಅಂಗಡಿ ಖಾಲಿ ಇರುತ್ತದೆ. ಅರ್ಜಿಯ ಕರಡು ಇಲ್ಲೇ ಕಮೆಂಟಿನಲ್ಲಿ ಹಾಕಿದರೆ ಪದ ಎಣಿಸಿ, ‘ಇವರಿಗೆ’ ಸಾಲು ನೋಡಿ ಹೇಳುತ್ತೇನೆ.