ಅನುವಾದ ಇದೆಯಲ್ಲ, ಹಳಗನ್ನಡ ಯಾಕೆ?

(ಪ್ರಾಚೀನ ಇತಿಹಾಸ, ಶಾಸನಗಳ ಓದಿನ ಬಗ್ಗೆ ಓದುಗರ ಪ್ರಶ್ನೆಗಳಿಗೆ ನಿವೃತ್ತ ಶಾಸನಶಾಸ್ತ್ರ ಪ್ರಾಧ್ಯಾಪಕರ ಉತ್ತರ)

ಪ್ರಶ್ನೆ: ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ಎಂ.ಎ.ಗೆ ಸೇರುತ್ತಿದ್ದೇನೆ. ಹಳೆಯ ಮೈಸೂರು ಸೀಮೆಯ ಸಾವಿರಾರು ಶಾಸನಗಳು 'ಎಪಿಗ್ರಾಫಿಯಾ ಕರ್ನಾಟಿಕ' ಸಂಪುಟಗಳಲ್ಲಿ ಅಚ್ಚಾಗಿವೆ, ಇಂಗ್ಲಿಷ್ ಅನುವಾದವೂ ಇದೆ. ಹಳಗನ್ನಡ, ಸಂಸ್ಕೃತ ಕಲಿಯಲೇಬೇಕೇ ಸರ್?

ಉತ್ತರ: ಪ್ರತಿವರ್ಷ ಅಡ್ಮಿಶನ್ ಹೊತ್ತಿಗೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಕಲಿಯಲೇಬೇಕು. ಆ ಸಂಪುಟಗಳನ್ನು ಮೊದಲು ಹೊರತಂದ ಬಿ. ಎಲ್. ರೈಸ್ ಮಾಡಿದ್ದು ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೂ ಮೈಸೂರು ವಿಶ್ವವಿದ್ಯಾಲಯ ಮುಂದೆ ಪರಿಷ್ಕೃತ ಸಂಪುಟಗಳನ್ನು ತರಬೇಕಾಯಿತು. ಮೂಲ ಓದಲು ಬಾರದವರಿಗೆ ಯಾವ ಓದು ಸರಿ ಎಂದು ತೂಗಿ ನೋಡುವ ದಾರಿಯೇ ಇಲ್ಲ.

ಮರ್ಕರಾ (ಮಡಿಕೇರಿ) ತಾಮ್ರಪಟವನ್ನೇ ತಗೊಳ್ಳಿ. ಗಂಗರ ದೊರೆ ಅವಿನೀತನ ಹೆಸರಿನಲ್ಲಿದೆ, ವರ್ಷ 388 ಎಂದಿದೆ. ಶಕವರ್ಷವೆಂದು ಹಿಡಿದು 78 ಕೂಡಿಸಿದರೆ ಕ್ರಿ.ಶ. 466. ಅನುವಾದ ಓದಿದವರು ಇಷ್ಟನ್ನೇ ಬರೆದುಕೊಂಡು ಮುಂದೆ ಹೋಗುತ್ತಾರೆ. ಪಟದ ಅಕ್ಷರ ನೋಡಿ ಬಲ್ಲವರಿಗೆ ಮಾತ್ರ ಅವು ಐದನೇ ಶತಮಾನದವಲ್ಲ, ಬಹಳ ಈಚಿನವು ಎಂದು ತಿಳಿಯುತ್ತದೆ. ಶಾಸನತಜ್ಞ ಫ್ಲೀಟ್ ಇದನ್ನು ಕೂಟಶಾಸನಗಳ, ಅಂದರೆ ನಕಲಿ ಶಾಸನಗಳ, ಸಾಲಿಗೆ ಸೇರಿಸಿದ್ದು ಹಾಗೆ. ಜಮೀನಿಗೆ ಸುಳ್ಳು ಪತ್ರ ಸೃಷ್ಟಿಸುವುದು ನಮ್ಮ ಕಾಲದ ವಿದ್ಯೆಯೇನಲ್ಲ ನೋಡಿ.

ಕನ್ನಡ ಶಾಸನವಾದರೆ ಭಾಷೆಯೇ ಸಾಕ್ಷಿ ಹೇಳುತ್ತದೆ. ಪಕಾರ ಹಕಾರವಾದದ್ದು, ೞ ಎಂಬ ಹಳೆಯ ಅಕ್ಷರ ಬಿದ್ದುಹೋದದ್ದು ಯಾವ ಕಾಲದಲ್ಲಿ ಎಂಬುದು ತಲೆಯಲ್ಲಿದ್ದರೆ, ಐದನೇ ಶತಮಾನದ್ದೆನ್ನುವ ಕಲ್ಲಿನಲ್ಲಿ 'ಪಳ್ಳಿ' ಇರಬೇಕಾದ ಕಡೆ 'ಹಳ್ಳಿ' ಕಂಡರೆ ಅಲ್ಲೇ ನಿಲ್ಲುತ್ತೀರಿ. ಇಲ್ಲದಿದ್ದರೆ ಅದನ್ನೇ ಥೀಸಿಸ್‌ನ ಮೊದಲ ಅಧ್ಯಾಯ ಮಾಡುತ್ತೀರಿ.

ಸಂಸ್ಕೃತ ಬೇಡ ಎನ್ನುವವರಿಗೆ ಒಂದು ಮಾತು. ನಾವು ಅಷ್ಟು ಹೆಮ್ಮೆಪಡುವ ಹಲ್ಮಿಡಿ ಶಾಸನ ಶುರುವಾಗುವುದೇ ವಿಷ್ಣುಸ್ತುತಿಯ ಸಂಸ್ಕೃತ ಶ್ಲೋಕದಿಂದ. ಕದಂಬರ ಇತಿಹಾಸಕ್ಕೆ ಆಧಾರವಾದ ತಾಳಗುಂದದ ಸ್ತಂಭಶಾಸನವೂ ಸಂಸ್ಕೃತ ಕಾವ್ಯವೇ. ಮಸ್ಕಿ, ಬ್ರಹ್ಮಗಿರಿಗಳ ಅಶೋಕ ಶಾಸನಕ್ಕೆ ಪ್ರಾಕೃತ ಬೇಕು.

ಹಾಗಂತ ಎಲ್ಲಕ್ಕೂ ಒಟ್ಟಿಗೆ ಕೈ ಹಾಕಬೇಡಿ. ವಡ್ಡಾರಾಧನೆಯ ಗದ್ಯದಿಂದ ಶುರುಮಾಡಿ, ಪಕ್ಕದಲ್ಲಿ ಕೇಶಿರಾಜನ ವ್ಯಾಕರಣ 'ಶಬ್ದಮಣಿದರ್ಪಣ' ಇರಲಿ. ಪಂಪನ ಹತ್ತಿರ ಮೊದಲೇ ಹೋದರೆ ಸೋತು ವಾಪಸ್ ಬರುತ್ತೀರಿ. ಸಂಸ್ಕೃತದಲ್ಲಿ ಸಂಧಿ ಬಿಡಿಸಿ ವಿಭಕ್ತಿ ಗುರುತಿಸುವಷ್ಟಾದರೆ ಮೊದಲ ವರ್ಷಕ್ಕೆ ಸಾಕು. ಪ್ರಾಕೃತ ಆಮೇಲೆ.

ಪ್ರಶ್ನೆ: ಊರಿನ ಕಲ್ಲಿನ ಮೇಲೆ ಸೂರ್ಯ, ಚಂದ್ರ, ಹಸು-ಕರು ಕೆತ್ತಿದ್ದಾರೆ. ಕೆಳಗೆ ನಿಧಿ ಇದೆ ಎಂದು ಒಬ್ಬ ಸ್ವಾಮಿಗಳು ಹೇಳುತ್ತಿದ್ದಾರೆ.

ಉತ್ತರ: ಅದು ದಾನದ ಕಲ್ಲು; ಸೂರ್ಯ ಚಂದ್ರರಿರುವವರೆಗೂ ಈ ದಾನ ನಡೆಯಲಿ ಎಂಬುದು ಆ ಚಿತ್ರದ ಅರ್ಥ. ಇಂಥ ಕಲ್ಲುಗಳ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಶ್ಲೋಕ ಇರುತ್ತದೆ: ದಾನದ ಭೂಮಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದು. ಅದನ್ನು ಸ್ವಾಮಿಗಳಿಗೆ ಓದಿ ಹೇಳಿ. ಅಗೆಯಲು ಬಂದರೆ ಪೊಲೀಸರಿಗೆ ಫೋನ್ ಮಾಡಿ. ಇಂಥವರಿಂದ ಒಡೆದುಹೋದ ವೀರಗಲ್ಲುಗಳನ್ನು ಸಾಕಷ್ಟು ನೋಡಿದ್ದೇನೆ.

ಪ್ರಶ್ನೆ: ಸಿಂಧೂ ಲಿಪಿ ಓದಲು ಕಲಿಸುವ ಆನ್‌ಲೈನ್ ಕೋರ್ಸ್ ಸೇರಬಹುದೇ?

ಉತ್ತರ: ಎಲ್ಲರೂ ಒಪ್ಪುವಂತೆ ಯಾರೂ ಇನ್ನೂ ಓದಿಲ್ಲದ ಲಿಪಿಯನ್ನು ಅವರು ಫೀಸು ತಗೊಂಡು ಏನೆಂದು ಕಲಿಸುತ್ತಾರೆ?

ಪ್ರಶ್ನೆ: ಶಾಸನದ ಫೋಟೊ ಸರಿಯಾಗಿ ಬರುವುದಿಲ್ಲ. ಸುಣ್ಣ ಬಳಿಯಬಹುದೇ?

ಉತ್ತರ: ಬೇಡ! ಸೀಮೆಸುಣ್ಣ, ಅರಿಸಿನ, ಎಣ್ಣೆ ಯಾವುದೂ ಬೇಡ. ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ತೆಗೆಯಿರಿ, ಅಕ್ಷರ ತಾನೇ ಎದ್ದು ಕಾಣುತ್ತದೆ.

ಪ್ರಶ್ನೆ: ಇದನ್ನೆಲ್ಲ ಓದಿದರೆ ಕೆಲಸ ಸಿಗುತ್ತದೆಯೇ?

ಉತ್ತರ: ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ಶಾಖೆಯ ಮುಖ್ಯ ಕಚೇರಿ ಮೈಸೂರಿನಲ್ಲೇ ಇದೆ, ಆದರೆ ಹುದ್ದೆಗಳು ಕಡಿಮೆ. ಮನೆಯಲ್ಲಿ ದುಡಿಯುವವರು ನೀವೊಬ್ಬರೇ ಆಗಿದ್ದರೆ ಮೊದಲು ಬಿ.ಎಡ್. ಮಾಡಿಕೊಳ್ಳಿ.