ಟಿಎಸ್‌ಎಚ್ ನಾರ್ಮಲ್ ಇದ್ದರೂ ಸುಸ್ತು ಬಿಡುತ್ತಿಲ್ಲ, ಇದು ಥೈರಾಯ್ಡ್ ಇರಬಹುದೇ?

ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) 4.1 ಬಂದಿದೆ, ವೈದ್ಯರು ನಾರ್ಮಲ್ ಎಂದಿದ್ದಾರೆ, ಆದರೂ ಕೂದಲು ಉದುರುವುದು, ಮಲಬದ್ಧತೆ, ಎಷ್ಟು ಮಲಗಿದರೂ ತೀರದ ಸುಸ್ತು ನಿಂತಿಲ್ಲ, ಮನೆಯವರು ಸೋಮಾರಿತನ ಎನ್ನುತ್ತಾರೆ ಎಂದು ಬರೆದಿದ್ದೀರಿ. ನಾನು ವೈದ್ಯೆಯಲ್ಲ, ರಾಜಾಜಿನಗರದಲ್ಲಿದ್ದುಕೊಂಡು ಕೆಲವು ವರ್ಷಗಳಿಂದ ಇದನ್ನೇ ಅನುಭವಿಸುತ್ತಿರುವವಳು. ಏಪ್ರಿಲ್ ಬಿಸಿಲಿನಲ್ಲೂ ಕಚೇರಿಯಲ್ಲಿ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದೆ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ರೈಲಿನಿಂದಿಳಿದು ನೇರಳೆ ಮಾರ್ಗಕ್ಕೆ ಮೆಟ್ಟಿಲು ಹತ್ತುವಾಗ ನಡುವೆ ಕಂಬಿ ಹಿಡಿದು ನಿಲ್ಲಬೇಕಾಗುತ್ತಿತ್ತು. ಸೋಮಾರಿಯಾದವರಿಗೆ ಕೆಲಸ ಮಾಡುವ ಮನಸ್ಸಿರುವುದಿಲ್ಲ. ನಿಮಗೆ ಮನಸ್ಸಿದೆ, ಮೈ ಸಹಕರಿಸುತ್ತಿಲ್ಲ.

ನಿಮ್ಮ ಅನುಮಾನಕ್ಕೆ ಆಧಾರವಿದೆ. ಜಪಾನಿನ ವೈದ್ಯ ಹಕಾರು ಹಾಶಿಮೋಟೊ 1912ರಲ್ಲಿ ವಿವರಿಸಿದ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿಬೀಳುತ್ತದೆ. ಗ್ರಂಥಿ ನಿಧಾನವಾಗಿ ಸೋಲುತ್ತಿರುವಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ತುಸು ಹೆಚ್ಚು ಟಿಎಸ್‌ಎಚ್ ಸುರಿಸಿ ಅದರಿಂದ ಕೆಲಸ ತೆಗೆಯುವುದರಿಂದ, ರಿಪೋರ್ಟಿನ ಅಂಕಿಗಳು ಬಹಳ ಕಾಲ ಮಿತಿಯೊಳಗೇ ಉಳಿಯಬಹುದು. ಆದ್ದರಿಂದ ಟಿಎಸ್‌ಎಚ್ ಜೊತೆಗೆ ಫ್ರೀ ಟಿ4 (ಥೈರಾಯ್ಡ್ ಹಾರ್ಮೋನಿನ ಪ್ರಮಾಣ) ಮತ್ತು ಆ್ಯಂಟಿ-ಟಿಪಿಒ (ಥೈರಾಯ್ಡ್ ವಿರುದ್ಧ ದೇಹವೇ ತಯಾರಿಸುವ ಪ್ರತಿಕಾಯ) ಪರೀಕ್ಷೆಯನ್ನೂ ಮಾಡಿಸಬಹುದೇ ಎಂದು ಕೇಳಿ. ಅಕ್ಕನಿಗೋ ತಾಯಿಗೋ ಥೈರಾಯ್ಡ್ ಇದ್ದರೆ ತಪ್ಪದೆ ಹೇಳಿ. ನನ್ನ ಅಕ್ಕನಿಗೆ ಇದ್ದುದರಿಂದಲೇ ನನಗೂ ಆ ಪರೀಕ್ಷೆ ಬರೆದುಕೊಟ್ಟರು.

ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದೀರಾ? ಹಾಗಿದ್ದರೆ ಅದು ಕೆಲವು ಲ್ಯಾಬ್‌ಗಳ ಪರೀಕ್ಷಾ ವಿಧಾನದಲ್ಲಿ ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆ ತೋರಿಸಬಲ್ಲದು. ರಕ್ತ ಕೊಡುವ ಮೊದಲು ಕನಿಷ್ಠ ಎರಡು ದಿನ ನಿಲ್ಲಿಸಬೇಕು. ಹೆಚ್ಚಿನ ಪ್ರಮಾಣವಾದರೆ ಇನ್ನೂ ಮೊದಲೇ.

ಆದರೆ ಆ್ಯಂಟಿ-ಟಿಪಿಒ ಪ್ರತಿಕಾಯ ಪಾಸಿಟಿವ್ ಬಂದ ಮಾತ್ರಕ್ಕೆ ಎಲ್ಲಕ್ಕೂ ಕಾರಣ ಸಿಕ್ಕಿತು ಎಂದುಕೊಳ್ಳಬೇಡಿ. ಯಾವ ತೊಂದರೆಯೂ ಇಲ್ಲದ ಅನೇಕರಲ್ಲಿಯೂ ಅದು ಇರುತ್ತದೆ. ಇಂಗ್ಲೆಂಡಿನ ವಿಕಮ್‌ನಲ್ಲಿ 20 ವರ್ಷ ನಡೆದ ಅಧ್ಯಯನದ ಪ್ರಕಾರ, ಟಿಎಸ್‌ಎಚ್ ಸರಿಯಿದ್ದು ಪ್ರತಿಕಾಯ ಮಾತ್ರ ಇರುವ ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು ಶೇ 2ರಷ್ಟು ಮಂದಿಗೆ ಮಾತ್ರ ಹೈಪೋಥೈರಾಯ್ಡ್ (ಥೈರಾಯ್ಡ್ ಹಾರ್ಮೋನ್ ಕೊರತೆ) ಆಗುತ್ತದೆ. ನನಗೆ ಪಾಸಿಟಿವ್ ಬಂದ ಮೇಲೂ ವೈದ್ಯರು ವಿಟಮಿನ್ ಬಿ12, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ವಿಟಮಿನ್ ಡಿ ನೋಡಿಸಿದರು. ಬಿ12 ತಳ ಕಂಡಿತ್ತು. ಅದನ್ನು ಸರಿಪಡಿಸಿದ ಮೇಲೆ ಕೈಕಾಲಿನ ಜುಮುಗುಟ್ಟುವಿಕೆ ಹೋಯಿತು, ಮೆಟ್ಟಿಲು ಹತ್ತುವ ಶಕ್ತಿ ಬಂತು. ಚಳಿ ಮತ್ತು ಮರೆವು ಇನ್ನೂ ಇವೆ, ಅವಕ್ಕೆ ಕಾರಣ ಇಂದಿಗೂ ಖಚಿತವಾಗಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪುವ ವೈದ್ಯರು ಸಿಕ್ಕಿದ್ದು ನನಗೆ ದೊಡ್ಡ ಸಮಾಧಾನ.

ಯಾರದೋ ಲಿವೊಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್ ಮಾತ್ರೆ) ಚೀಟಿ ನೋಡಿ ನೀವಾಗಿ ಶುರುಮಾಡಬೇಡಿ. ಅನಗತ್ಯವಾಗಿ ಹೆಚ್ಚಾದರೆ ಎದೆಬಡಿತ ಏರುತ್ತದೆ, ಮೂಳೆ ಸವೆಯುತ್ತದೆ. ಮುಂದೆ ವೈದ್ಯರೇ ಬರೆದುಕೊಟ್ಟರೆ ಎದ್ದ ಕೂಡಲೇ ಬರೀ ನೀರಿನಲ್ಲಿ ನುಂಗಿ. ಅರ್ಧದಿಂದ ಒಂದು ಗಂಟೆಯವರೆಗೆ ಫಿಲ್ಟರ್ ಕಾಫಿ ಬೇಡ (ನಮ್ಮ ಊರಿನವರಿಗೆ ಇದೇ ಕಷ್ಟ, ನನ್ನ ಅಕ್ಕ ಡಿಕಾಕ್ಷನ್ ಇಳಿಯಲು ಇಟ್ಟು ವಾಕಿಂಗ್ ಹೋಗುತ್ತಾಳೆ). ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಅದಕ್ಕೂ ನಾಲ್ಕು ಗಂಟೆ ಅಂತರವಿರಲಿ.

ನೀವು ಮಗುವಿನ ಯೋಚನೆಯಲ್ಲಿದ್ದರೆ ಮಾತ್ರ ಕಾದು ನೋಡುವುದು ಬೇಡ, ಈಗಲೇ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಅವರನ್ನು ಕಾಣಿ. ಗರ್ಭದ ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳಿನ ಬೆಳವಣಿಗೆಗೆ ತಾಯಿಯ ಥೈರಾಯ್ಡ್ ಹಾರ್ಮೋನೇ ಆಧಾರ.