ಗಂಟೆಗೆ 25 ಡಾಲರ್: ಮಂಡ್ಯದ ತಮ್ಮನಿಗೆ ಕ್ಯಾಲ್ಗರಿಯ ಲೆಕ್ಕ

"ಅಣ್ಣ, ಮಂಡ್ಯದಲ್ಲಿ ಸೆಂಟ್ರಿಂಗ್, ಗಾರೆ ಎರಡೂ ಮಾಡ್ತೀನಿ. ದಿನಕ್ಕೆ ಸಾವಿರ. ಕೆನಡಾದ ಕ್ಯಾಲ್ಗರಿಯಲ್ಲಿ ಗಂಟೆಗೆ 25 ಡಾಲರ್ ಅಂತಾರೆ. ಅದು ವರ್ಷ ವರ್ಷ ಏರುತ್ತಾ? ಬರಬಹುದಾ?" ಅಂತ ಕೇಳಿದ್ದೀಯ. ನಾನೂ ಮದ್ದೂರು ಕಡೆಯವನೇ. ಇಲ್ಲಿ ಬಹಳ ವರ್ಷದಿಂದ ಕಾಂಕ್ರೀಟ್ ಕೆಲಸದಲ್ಲಿದ್ದೇನೆ.

ಎಂಟು ಗಂಟೆ, ಕೆನಡಾ ಡಾಲರ್‌ಗೆ ಅರವತ್ತು ರೂಪಾಯಿ ಅಂತ ಗುಣಿಸಿ ದಿನಕ್ಕೆ 12,000 ಅಂದುಕೊಂಡಿರುತ್ತೀಯ. ಗುಣಾಕಾರ ಸರಿ. ಆದರೆ ಬಾಡಿಗೆ, ದಿನಸಿ ಎಲ್ಲ ಡಾಲರ್‌ನಲ್ಲೇ ಕೊಡಬೇಕಲ್ವಾ? ತೆರಿಗೆ, ಪಿಂಚಣಿ, ನಿರುದ್ಯೋಗ ವಿಮೆ ಕೈಗೆ ಬರುವ ಮೊದಲೇ ಕಡಿತವಾಗುತ್ತವೆ. ಇಷ್ಟಾದ ಮೇಲೂ ನೀನು ಕೇಳಬೇಕಾದ್ದು ರೇಟು ಅಲ್ಲ, ವಾರಕ್ಕೆ ಎಷ್ಟು ಗಂಟೆ ಕೆಲಸ ಕೊಡ್ತಾರೆ ಅನ್ನೋದು.

ಕನ್ನಂಬಾಡಿ ತುಂಬಿ ನಾಲೆಗೆ ನೀರು ಬಿಟ್ಟ ವರ್ಷ ನಮ್ಮೂರ ಅಂಗಡಿಗಳೆಲ್ಲ ಜೋರಾಗೋ ಹಾಗೆ, ಕ್ಯಾಲ್ಗರಿ ಇರುವ ಆಲ್ಬರ್ಟಾ ಪ್ರಾಂತ್ಯದಲ್ಲಿ ಕೆಲಸವೆಲ್ಲ ಕಚ್ಚಾ ಎಣ್ಣೆ ಬೆಲೆ ನೋಡಿಕೊಂಡು ನಡೆಯುತ್ತದೆ. 2014ರ ಮಧ್ಯದಲ್ಲಿ ಕಚ್ಚಾ ಎಣ್ಣೆ ಬ್ಯಾರೆಲ್‌ಗೆ 100 ಅಮೆರಿಕನ್ ಡಾಲರ್ ದಾಟಿತ್ತು. ಉತ್ತರದಲ್ಲಿ ಎಣ್ಣೆ ತೆಗೆಯುವ ಫೋರ್ಟ್ ಮೆಕ್‌ಮರ್ರೆ ಕಡೆ ಎಷ್ಟು ಜನ ಬಂದರೂ ಸಾಲದು. ಕೈ ಕೆಳಗಿನವರು ಅಲ್ಲಿಗೆ ಹೋಗಿಬಿಡುತ್ತಾರೆ ಅಂತ ಊರೊಳಗಿನ ಕಂಟ್ರಾಕ್ಟರ್‌ಗಳೂ ಕೂಲಿ ಏರಿಸುತ್ತಿದ್ದರು. 2016ರ ಶುರುವಿಗೆ ಬೆಲೆ 30ಕ್ಕಿಂತ ಕೆಳಗೆ ಬಿತ್ತು. ಗಂಟೆಯ ರೇಟು ಅಷ್ಟೇನೂ ಇಳಿಯಲಿಲ್ಲ, ಗಂಟೆಗಳೇ ಇಳಿದವು. ಮೊದಲು ಓಟಿ (ಹೆಚ್ಚುವರಿ ಗಂಟೆಯ ಕೆಲಸ) ಹೋಯಿತು, ಆಮೇಲೆ ಶನಿವಾರದ ಕೆಲಸ, ಆಮೇಲೆ ಎಷ್ಟೋ ಜನರಿಗೆ ಕೆಲಸವೇ. ಜಾಹೀರಾತಲ್ಲಿ ಮಾತ್ರ ರೇಟು ಹಾಗೇ ಇತ್ತು.

ಸರ್ಕಾರ ಗೊತ್ತು ಮಾಡುವ ಕನಿಷ್ಠ ಕೂಲಿ ವರ್ಷ ವರ್ಷ ಏರುತ್ತೆ ಅಂತ ನಂಬಬೇಡ. 2018ರ ಅಕ್ಟೋಬರ್‌ನಲ್ಲಿ ಗಂಟೆಗೆ 15 ಡಾಲರ್ ಆದಾಗ ಬೇರೆ ಯಾವ ಪ್ರಾಂತ್ಯದಲ್ಲೂ ಅಷ್ಟಿರಲಿಲ್ಲ. ಆಮೇಲೆ ವರ್ಷಗಟ್ಟಲೆ ಅಲ್ಲೇ ನಿಂತುಬಿಟ್ಟಿತು.

ಓಟಿ ಕಾನೂನು ಒಳ್ಳೆಯದೇ. ದಿನಕ್ಕೆ 8 ಗಂಟೆ ಅಥವಾ ವಾರಕ್ಕೆ 44 ಗಂಟೆ ದಾಟಿದರೆ ಒಂದೂವರೆ ಪಟ್ಟು. ಆದರೆ ಹಲವು ದಿನಗಳ ಗಂಟೆಗಳನ್ನು ಕೂಡಿಸಿ ಸರಾಸರಿ ಮಾಡುವ ಒಪ್ಪಂದ ಇದ್ದರೆ ಹತ್ತು ಗಂಟೆ ದುಡಿದ ದಿನವೂ ಓಟಿ ಬರದೇ ಹೋಗಬಹುದು. ಓದದೆ ಸಹಿ ಹಾಕಬೇಡ. ಇನ್ನೊಂದು ವಿಷಯ, ಇದನ್ನು ಯಾರೂ ತಾವಾಗಿ ಹೇಳಲ್ಲ: ಕಟ್ಟಡ ಕೆಲಸದವರನ್ನು ತೆಗೆಯುವಾಗ ಮುಂಚಿತ ನೋಟಿಸ್ ಕೊಡಬೇಕೆಂಬ ನಿಯಮ ಇಲ್ಲಿ ಅನ್ವಯಿಸುವುದಿಲ್ಲ. ಸಂಜೆ ಹೇಳಿದರೆ ಮುಗಿಯಿತು. ರಜೆಗೆ ಬದಲಾಗಿ ಸಂಬಳದ ಮೇಲೆ 6%, ಸರ್ಕಾರಿ ರಜಾದಿನಗಳಿಗೆ 3.6% ಸೇರಿಸಿ ಕೊಡಬೇಕು. ಪೇ ಸ್ಲಿಪ್‌ನಲ್ಲಿ ಅದು ಇದೆಯಾ ನೋಡಿಕೋ.

ಈಗ ನಿನ್ನ ಕೈಕೆಲಸ. ಇಲ್ಲಿ ಮನೆ ಅಂದರೆ ಮರದ ಚೌಕಟ್ಟು, ಒಳಗೆ ಜಿಪ್ಸಂ ಹಲಗೆ. ಇಟ್ಟಿಗೆ ಗೋಡೆಗೆ ಗಾರೆ ಬಳಿಯುವ ನಿನ್ನ ಕರಣೆಗೆ ಕೆಲಸ ಕಮ್ಮಿ. ಆದರೆ ಸೆಂಟ್ರಿಂಗ್, ಕಂಬಿ ಕಟ್ಟೋದು ಬಂದರೆ ದೊಡ್ಡ ಕಟ್ಟಡಗಳಲ್ಲಿ, ಮನೆ ಕೆಳಗಿನ ಬೇಸ್‌ಮೆಂಟ್‌ಗಳಲ್ಲಿ ಉಪಯೋಗಕ್ಕೆ ಬರುತ್ತದೆ. ಸುಮ್ನೆ ಹೆಲ್ಪರ್ ಆಗಿ ಉಳಿದರೆ ಹತ್ತು ವರ್ಷ ಆದರೂ ರೇಟು ತೆವಳುತ್ತದೆ. ಕಾರ್ಪೆಂಟರ್ ಅಪ್ರೆಂಟಿಸ್ ಆಗಿ ಸೇರಿಕೋ. ನಾಲ್ಕು ವರ್ಷ, ನಡುನಡುವೆ ಕ್ಲಾಸು, ಪರೀಕ್ಷೆ. ಒಂದೊಂದು ಹಂತ ದಾಟಿದಾಗಲೂ ಕೂಲಿ ಏರುತ್ತದೆ. ಕೊನೆಗೆ ರೆಡ್ ಸೀಲ್ ಅನ್ನೋ ದೇಶಮಟ್ಟದ ಕೈಕೆಲಸದ ಪರೀಕ್ಷೆ ಪಾಸಾದರೆ ಬೇರೆ ಪ್ರಾಂತ್ಯದಲ್ಲೂ ಬೆಲೆ ಇದೆ. ಇಂಗ್ಲಿಷ್ ಓದೋದು ಈಗಲೇ ಶುರು ಮಾಡು. ಮೇಸ್ತ್ರಿ ಮಾತು ಹೇಗೋ ಅರ್ಥ ಆಗುತ್ತದೆ ಕಣಪ್ಪ, ಪರೀಕ್ಷೆ ಹಾಗಲ್ಲ.

ಚಳಿಗಾಲದಲ್ಲಿ ಟಾರ್ಪಾಲು ಸುತ್ತಿ, ಹೀಟರ್ ಹಚ್ಚಿ ಕಾಂಕ್ರೀಟ್ ಹಾಕುತ್ತೇವೆ. ತೀರಾ ಮೈನಸ್‌ಗೆ ಇಳಿದರೆ ವಾಪಸ್ ಕಳಿಸುತ್ತಾರೆ, ಆ ದಿನದ ಗಂಟೆ ಹೋಯಿತು.

ಕೆಲಸ ಕೊಡಿಸುತ್ತೇನೆ ಅಂತ ಏಜೆಂಟ್ ನಿನ್ನ ಹತ್ತಿರ ಲಕ್ಷಗಟ್ಟಲೆ ಕೇಳಿದರೆ ಅಲ್ಲೇ ನಿಲ್ಲಿಸು. ಕೆಲಸ ಹುಡುಕಿಕೊಟ್ಟಿದ್ದಕ್ಕೆ ಕೆಲಸಗಾರನಿಂದ ದುಡ್ಡು ತೆಗೆದುಕೊಳ್ಳುವುದು ಆಲ್ಬರ್ಟಾ ಕಾನೂನಿಗೆ ವಿರುದ್ಧ. ಗದ್ದೆ ಅಡ ಇಟ್ಟು ಬರಬೇಡ. ಆಫರ್ ಲೆಟರ್ ಬಂದರೆ ನನಗೆ ಕಳಿಸು, ಗಂಟೆ ಎಷ್ಟು ಬರೆದಿದ್ದಾರೆ ನೋಡಿ ಹೇಳುತ್ತೇನೆ.